ಬಾಲಗ್ರಹಕ್ಕೆ ಬರೆಯೇ ಮದ್ದಾ?

ವೀಕ್ಷಕರೇ, ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿ, ಹುಟ್ಟಿ ಎರಡು ದಿನದ ಕೂಸು ಅಂದ್ಕೊಳ್ಳಿ. ಕಣ್ಣು ಒಂದೇ ಕಡೆ ನೆಟ್ಟಿದೆ, ಬಾಯಿ ಚಪ್ಪರಿಸ್ತಿದೆ, ಕಾಲು ಸೈಕಲ್ ತುಳಿದಂಗೆ ಆಡ್ತಿದೆ. ಮನೆಯವರು ‘ಕೂಸು ಆಡಾಕತ್ತೈತಿ’ ಅಂತಾರೆ. ಅದು ಸೆಳೆತ ಆಗಿರಬಹುದು! ನವಜಾತ ಶಿಶುವಿಗೆ ದೊಡ್ಡವರ ಹಾಗೆ ಮೈಯೆಲ್ಲ ಅದುರಲೇಬೇಕು ಅಂತಿಲ್ಲ. ಮೈ ಅದುರಿತೋ, ‘ಬಾಲಗ್ರಹ’ ಅಂತ ಹೆಸರಿಟ್ಟು ಹೊಟ್ಟೆಗೆ ಬರೆ ಹಾಕೋಕೆ ಊದಿನಕಡ್ಡಿ ಹುಡುಕೋರು ಇನ್ನೂ ಇದ್ದಾರೆ.

ಅಲ್ಲಾ ಸ್ವಾಮಿ, ಒಳಗೆ ಆಗಿರೋದೇನು? ಬಹಳ ಸಲ ಹೆರಿಗೆ ಹೊತ್ತಲ್ಲಿ ಮಿದುಳಿಗೆ ಆಮ್ಲಜನಕ ಸಾಲದೆ ಹೋಗಿರುತ್ತೆ. ಕೆಲವಕ್ಕೆ ಮಿದುಳಲ್ಲಿ ರಕ್ತಸ್ರಾವ, ಸೋಂಕು, ಹುಟ್ಟಿನಿಂದಲೇ ಬಂದ ದೋಷ. ಇನ್ನು ಕೆಲವಕ್ಕೆ ಕ್ಯಾಲ್ಸಿಯಂ ಕಡಿಮೆ, ಇಲ್ಲವೇ ರಕ್ತದಲ್ಲಿ ಸಕ್ಕರೆ ಇಳಿದಿರುತ್ತೆ. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದರೆ ಸಕ್ಕರೆ ಎಷ್ಟಿದೆ ಅಂತ ನಿಮಿಷದಲ್ಲಿ ಗೊತ್ತಾಗುತ್ತೆ. ಕಡಿಮೆಯಿದ್ದರೆ ನರಕ್ಕೆ ಗ್ಲೂಕೋಸ್ ಕೊಡ್ತಾರೆ. ಬರೆ ಹಾಕಿದರೆ ಸಕ್ಕರೆ ಏರುತ್ತಾ? ಮೊದಲ ಹಳದಿ ಹಾಲು ‘ಕೆಟ್ಟದ್ದು’ ಅಂತ ಚೆಲ್ಲಿ ಕೂಸನ್ನ ಉಪವಾಸ ಕೆಡವೋರೂ ನಾವೇ.

ಸಕ್ಕರೆ ಇಳಿದ ಮಿದುಳು ಬೆಳಗಾಗೋವರೆಗೂ ಕಾಯಲ್ಲ. ಮುಂಡರಗಿಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ಅಲ್ಲಿಂದ ಗದಗದ ಜಿಮ್ಸ್‌ಗೆ ಸುಮಾರು 40 ಕಿಲೋಮೀಟರ್. 108ಕ್ಕೆ ಫೋನ್ ಮಾಡಿ. ಸೆಳೆತ ಇದ್ದಾಗ ಬಾಯಿಗೆ ಹಾಲು, ಜೇನು ಏನೂ ಹಾಕಬೇಡಿ. ಪಕ್ಕಕ್ಕೆ ಹೊರಳಿಸಿ, ಬೆಚ್ಚಗಿಡಿ. ಜೊತೆಗಿದ್ದೋರು ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಲಿ. ಆಸ್ಪತ್ರೆ ಮುಟ್ಟೋ ಹೊತ್ತಿಗೆ ಸೆಳೆತ ನಿಂತಿದ್ದರೂ ವೈದ್ಯರು ಅದನ್ನ ನೋಡಬಹುದು.