ಹೈಸ್ಕೂಲಿನಲ್ಲಿ ಚರಿತ್ರೆ, ಭೂಗೋಳ, ಪೌರನೀತಿಗಳ ಅಭ್ಯಾಸ



ಚರಿತ್ರೆಯೆಂದರೆ ಇಸವಿಗಳ ಕಂಠಪಾಠವೆಂದೂ, ಭೂಗೋಳವೆಂದರೆ ನದಿ ಪರ್ವತಗಳ ಯಾದಿಯೆಂದೂ, ಪೌರನೀತಿಯೆಂದರೆ ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮುಗಿಸತಕ್ಕ ನಾಲ್ಕು ಪುಟಗಳೆಂದೂ ಹೈಸ್ಕೂಲಿನ ವಿದ್ಯಾರ್ಥಿಗಳಲ್ಲಿ ಭಾವನೆಯು ಬೇರೂರಿರುವದು. ಇದು ಅವರ ದೋಷವಲ್ಲ. ಜನಜೀವನವೆಂಬ ಒಂದೇ ವಸ್ತುವಿನ ಮೂರು ಮುಖಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ಕಲಿಸುವದರ ಫಲವಿದು. ಈ ಮೂರರ ಐಕ್ಯವನ್ನು ತೋರಿಸಲು ದೂರದ ದೃಷ್ಟಾಂತವೇಕೆ? ತುಂಗಭದ್ರೆಯೊಂದೇ ಸಾಕು.

ಸಹ್ಯಾದ್ರಿಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಭದ್ರೆಯರು ಕೂಡ್ಲಿಯಲ್ಲಿ ಒಂದಾಗಿ, ಮಲೆನಾಡಿನ ಮಳೆಯನ್ನು ಮಳೆಯಿಲ್ಲದ ಬಯಲುಸೀಮೆಗೆ ಹೊತ್ತು ತರುವರು. ಇದು ಭೂಗೋಳವು. 14ನೆಯ ಶತಮಾನದಲ್ಲಿ ಈ ದಂಡೆಯ ಮೇಲೆಯೇ ವಿಜಯನಗರವು ತಲೆಯೆತ್ತಿತು. ಕಲ್ಲುಗುಡ್ಡಗಳು ಕೋಟೆಗೆ ನೆರವಾದವು. ನದಿಯು ಕಾಲುವೆಗಳಿಗೆ ನೀರಿತ್ತಿತು. 1565ರ ಯುದ್ಧದ ತರುವಾಯ ರಾಜಧಾನಿಯು ಹಾಳಾಯಿತು. ಆದರೆ ಆ ಕಾಲದ ಕಾಲುವೆಗಳಲ್ಲಿ ಹಲವು ಇಂದಿಗೂ ಹೊಲ ತೋಟಗಳಿಗೆ ನೀರುಣಿಸುತ್ತಿರುವವು. ಅರಮನೆಗಿಂತ ಕಾಲುವೆಯು ಹೆಚ್ಚು ಕಾಲ ಬಾಳಿತೆಂಬ ಈ ಪಾಠವು ಬರಿಯ ಇಸವಿಗಳಿಂದ ದೊರೆಯದು.

1945ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟಿನ ಕೆಲಸಕ್ಕೆ ಆರಂಭವಾದಾಗ ಎಡದಂಡೆಯು ಹೈದರಾಬಾದ ನಿಜಾಮರದು. ಬಲದಂಡೆಯು ಮದ್ರಾಸ ಪ್ರಾಂತದ್ದು. ಎರಡೂ ಕಡೆ ಕನ್ನಡವನ್ನಾಡುವ ಒಕ್ಕಲುಮಕ್ಕಳಿದ್ದರೂ ಸರಕಾರಗಳು ಬೇರೆಯಾಗಿದ್ದವು. 1953ರಲ್ಲಿ ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿತು. 1956ರ ನವೆಂಬರ 1ರಂದು ಮುಂಬಯಿ, ಹೈದರಾಬಾದ, ಮದ್ರಾಸ ರಾಜ್ಯಗಳ ಕನ್ನಡ ಭಾಗಗಳೂ ಕೊಡಗೂ ಅದರೊಡನೆ ಕೂಡಿದವು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಆದರೂ ನದಿಯು ರಾಜ್ಯದ ಗಡಿಯನ್ನರಿಯದು. ಅದರ ನೀರಿನಲ್ಲಿ ಆಂಧ್ರಪ್ರದೇಶ ತೆಲಂಗಾಣಗಳಿಗೂ ಪಾಲುಂಟು. ಇಂಥ ನದಿಗಳ ವ್ಯಾಜ್ಯಗಳಿಗಾಗಿಯೇ ಸಂವಿಧಾನದಲ್ಲಿ 262ನೆಯ ಅನುಚ್ಛೇದವಿರುವದು. ಇದು ಪೌರನೀತಿಯು.

ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಆ ಜಲಾಶಯವು ಹೂಳು ತುಂಬಿ ಈಗ ಸುಮಾರು 105 ಟಿ.ಎಂ.ಸಿ. ಮಾತ್ರ ಹಿಡಿಯುವದು. 2024ರ ಆಗಸ್ಟ 10ರ ರಾತ್ರಿ ಸರಪಳಿ ಕಡಿದು ಅದರ 19ನೆಯ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಹರಿದುಹೋಗುವಾಗ ಕಾಲುವೆಯನ್ನೇ ನಂಬಿದ ರೈತನಿಗೆ ಬೆಳೆಯ ಚಿಂತೆ ಹತ್ತಿತು. ಹೂಳು ಎಲ್ಲಿಂದ ಬಂದಿತೆಂಬುದು ಭೂಗೋಳದ ಪ್ರಶ್ನೆ. ಕಟ್ಟೆಯನ್ನು ಯಾರು, ಏಕೆ ಕಟ್ಟಿದರೆಂಬುದು ಚರಿತ್ರೆಯ ಪ್ರಶ್ನೆ. ಅದನ್ನು ಕಾಯತಕ್ಕ ಹೊಣೆ ಯಾರದೆಂಬುದು ಪೌರನೀತಿಯ ಪ್ರಶ್ನೆ. ಈ ಮೂರನ್ನೂ ಕೂಡಿಸಿ ಕೇಳಬಲ್ಲವನಿಗೇ ಪೌರನೆಂಬ ಹೆಸರು ಒಪ್ಪುವದು.

1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಇಂದು ಹತ್ತನೆಯ ತರಗತಿಯಲ್ಲಿ ಕುಳಿತ ಬಾಲಕ ಬಾಲಿಕೆಯರು ಎರಡು ಮೂರು ವರ್ಷಗಳಲ್ಲಿ ಮತದಾರರಾಗುವರು. ಮುಂದೆ ವಿಜ್ಞಾನವನ್ನೋ ವ್ಯಾಪಾರವನ್ನೋ ಅಭ್ಯಸಿಸುವವರಿಗೂ, ಓದು ನಿಲ್ಲಿಸಿ ದುಡಿಮೆಗೆ ಇಳಿಯುವವರಿಗೂ ಈ ವಿಷಯಗಳ ಕೊನೆಯ ಮೆಟ್ಟಲು ಹೈಸ್ಕೂಲೇ ಸರಿ. ಅಲ್ಲಿ ಕಲಿಯದಿದ್ದರೆ ಅವರಿಗೆ ಇವನ್ನು ಕಲಿಸುವವರಾರು?

ಆದುದರಿಂದ ಅಧ್ಯಾಪಕರು ವಿದ್ಯಾರ್ಥಿಗಳನ್ನು ಊರ ಕೆರೆಯ ಏರಿಗೂ, ಗುಡಿಯ ಮುಂದಿನ ಶಾಸನದ ಬಳಿಗೂ, ಗ್ರಾಮಸಭೆಗೂ ಕರೆದೊಯ್ಯಲಿ. ವಿದ್ಯಾರ್ಥಿಗಳು ಉತ್ತರಗಳನ್ನು ಉರು ಹೊಡೆಯುವದಕ್ಕಿಂತ ಪ್ರಶ್ನಿಸುವದನ್ನು ಕಲಿಯಲಿ. ಗುಣಪತ್ರಿಕೆಯ ಅಂಕಗಳು ಒಂದು ವರ್ಷದವು. ಪೌರನ ಹೊಣೆಯಾದರೋ ಬಾಳಿನುದ್ದಕ್ಕೂ ಇರತಕ್ಕದ್ದು.