ನಿಂತಲ್ಲಿ ನಂದುವ ಎಂಜಿನ್

ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆಗಳ ಮುಂದೆ ಇಂದಿಗೂ ಅಲ್ಲೊಂದು ಇಲ್ಲೊಂದು ಪ್ರೀಮಿಯರ್ ಪದ್ಮಿನಿ ನಿಂತಿರುವುದನ್ನು ತಾವು ಕಂಡಿರಬಹುದು. ಇಟಲಿಯ ಫಿಯಟ್ 1100ರ ವಂಶದ, 1,089 ಸಿ.ಸಿ. ಎಂಜಿನ್ನಿನ ಈ ಕಾರಿನ ತಯಾರಿಕೆ ನಿಂತು ಕಾಲು ಶತಮಾನವಾಗುತ್ತ ಬಂದಿದೆ. ರಸ್ತೆಯಲ್ಲಿ ಗಾಂಭೀರ್ಯದಿಂದ ಓಡುವ ಇವುಗಳಲ್ಲಿ ಹಲವಕ್ಕೆ ಒಂದು ಕಾಯಿಲೆಯುಂಟು. ಮಿನರ್ವ ವೃತ್ತದಲ್ಲಿ ಕೆಂಪು ದೀಪ ಕಂಡು ನಿಂತೊಡನೆ ಎಂಜಿನ್ ಎರಡು ಸಲ ಕೆಮ್ಮಿ ನಂದಿಹೋಗುತ್ತದೆ. ಹಿಂದಿನವರ ಹಾರನ್ನುಗಳು ಮೊಳಗತೊಡಗುತ್ತವೆ.

ಕಾರು ನಿಂತಾಗ ಎಂಜಿನ್ ತನ್ನಷ್ಟಕ್ಕೆ ತಿರುಗುವುದನ್ನು ಇಂಗ್ಲಿಷಿನಲ್ಲಿ ‘ಐಡಲ್’ ಎನ್ನುತ್ತಾರೆ. ಸೋಮಾರಿಯೆಂಬ ಈ ಹೆಸರು ಆ ಯಂತ್ರಕ್ಕೆ ಮಾಡಿದ ಅನ್ಯಾಯವೆಂದೇ ನನ್ನ ಎಣಿಕೆ. ಆಗ ಕಾರ್ಬ್ಯುರೇಟರಿನ ಕವಾಟ ಬಹುಮಟ್ಟಿಗೆ ಮುಚ್ಚಿರುತ್ತದೆ. ಅತಿ ಸಣ್ಣ ರಂಧ್ರದ ಪ್ರತ್ಯೇಕ ಜೆಟ್ಟಿನಿಂದ ಒಸರುವ ಪೆಟ್ರೋಲಿನಲ್ಲಿಯೇ ಅದು ಜೀವ ಹಿಡಿದಿರಬೇಕು. ವೇಗದಲ್ಲಿ ಪೆಟ್ರೋಲು ಬೇರೊಂದು ಜೆಟ್ಟಿನಿಂದ ಬರುವುದರಿಂದ ಓಟದಲ್ಲಿ ದೋಷ ಕಾಣುವುದಿಲ್ಲ.

ತಿರುಪೊಂದನ್ನು ಬಿಗಿದು ಎಂಜಿನ್ನಿನ ವೇಗವನ್ನು ಏರಿಸಿ “ಸರಿಹೋಯ್ತು ಸಾರ್” ಎನ್ನುವುದು ರೂಢಿಯ ಚಿಕಿತ್ಸೆ. ಅದು ಜ್ವರವಿಳಿಸದೆ ಥರ್ಮಾಮೀಟರನ್ನು ಬಚ್ಚಿಟ್ಟಂತೆ. ಚಾಮರಾಜಪೇಟೆಯ ನನ್ನ ಗೆಳೆಯರೊಬ್ಬರು ತಂದೆಯ ಕಾಲದ ಪದ್ಮಿನಿಗೆ ಎರಡು ಬಾರಿ ಕಾರ್ಬ್ಯುರೇಟರ್ ಬದಲಿಸಿಯೂ ಗುಣ ಕಾಣದೆ ಗುಜರಿಯವನನ್ನು ಕರೆಸಿಯೇಬಿಟ್ಟಿದ್ದರು.

ಮೊದಲು ನೋಡಬೇಕಾದುದು ಕಿಡಿಯನ್ನು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಸುಟ್ಟಿದ್ದರೆ, ಅವುಗಳ ನಡುವಣ ಸಂದು ಕೆಟ್ಟಿದ್ದರೆ ಕಾರ್ಬ್ಯುರೇಟರನ್ನು ಮುಟ್ಟಿ ಫಲವಿಲ್ಲ. ಕಿಡಿ ಸರಿಯಿದ್ದರೆ ಮಿಶ್ರಣದ ತಿರುಪನ್ನು ಮೆಲ್ಲನೆ ತಿರುಗಿಸಬೇಕು. ಎಂಜಿನ್ನಿನ ದನಿ ಸ್ವಲ್ಪವೂ ಬದಲಾಗದಿದ್ದರೆ ಸಣ್ಣ ಜೆಟ್ಟಿನಲ್ಲಿ ಕಸ ಸಿಕ್ಕಿರುವ ಸಂಭವ ಹೆಚ್ಚು. ಬಳಿಕ, ಬಿಸಿಯಾದ ಎಂಜಿನ್ನಿಗೆ ಚೋಕನ್ನು ತುಸುವೇ ಎಳೆದು ನೋಡಬೇಕು. ಉಸಿರಾಟ ಸುಗಮವಾದರೆ ಪೆಟ್ರೋಲು ಸಾಲದು, ಇಲ್ಲವೆ ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆ. ಇನ್ನಷ್ಟು ತಡವರಿಸಿದರೆ ಪೆಟ್ರೋಲೇ ಹೆಚ್ಚಾಗಿದೆ, ಫ್ಲೋಟನ್ನು ಪರೀಕ್ಷಿಸಬೇಕು.

ಗೆಳೆಯರ ಕಾರು ಚೋಕ್ ಎಳೆದೊಡನೆ ಸುಧಾರಿಸಿತು. ಕಳ್ಳಗಾಳಿಯನ್ನು ಹುಡುಕಲು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಸುರಿಯುವವರಿದ್ದಾರೆ. ಅದು ಬೆಂಕಿಯೊಡನೆ ಸರಸ. ನಾವು ಗಜದುದ್ದದ ರಬ್ಬರು ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ವೈದ್ಯರ ಸ್ಟೆತಾಸ್ಕೋಪಿನಂತೆ, ತಿರುಗುವ ಫ್ಯಾನಿಗೆ ತಾಗದಂತೆ, ಕೀಲುಕೀಲಿಗೂ ಹಿಡಿದೆವು. ಕಾರ್ಬ್ಯುರೇಟರಿನ ಬುಡದಲ್ಲಿ ಹಾವಿನ ಬುಸುಗುಟ್ಟುವಿಕೆಯೇ ಕೇಳಿತು. ಅಲ್ಲಿದ್ದ ಗ್ಯಾಸ್ಕೆಟ್ ಒಣಗಿ ಸೀಳಿತ್ತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ ಅದಕ್ಕೆ ಕೊಟ್ಟ ಹಣ ಒಂದು ಮಸಾಲೆದೋಸೆಯ ಬೆಲೆಗೂ ಕಡಮೆ. ಗುಜರಿಯವನು ಕಾಫಿ ಕುಡಿದು ಹೋದ.

ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿರುವುದು ಈ ಹಳಬರಿಗೆ ಹೊಸ ಪಥ್ಯ. ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ; ತನ್ನಲ್ಲೇ ಆಮ್ಲಜನಕವಿರುವುದರಿಂದ ಮಿಶ್ರಣವನ್ನೂ ತೆಳುವಾಗಿಸುತ್ತದೆ. ಆದುದರಿಂದ ಪೆಟ್ರೋಲಿನ ಕೊಳವೆಗಳನ್ನು ಎಥನಾಲ್ ತಾಳುವ ಬಗೆಯವಕ್ಕೆ ಬದಲಿಸಿ, ಆಮೇಲೆ ಆ ಮಿಶ್ರಣದ ತಿರುಪನ್ನು ಕಿವಿಗೊಟ್ಟು ಹೊಸದಾಗಿ ಹೊಂದಿಸಬೇಕು. ಈ ಕೆಲಸಕ್ಕೆ ಬೆಳಗಿನ ಹೊತ್ತು ಒಳ್ಳೆಯದು, ಬೀದಿ ನಿಶ್ಶಬ್ದವಾಗಿರುತ್ತದೆ.