ನಾಲ್ಕನೇ ಸ್ಥಾನ, ಖಾಲಿ ಗಲ್ಲಾಪೆಟ್ಟಿಗೆ

ಅಮೆರಿಕದಲ್ಲಿ ನಾಸ್ಕಾರ್ ಅಂತ ಒಂದು ಕಾರ್ ರೇಸ್ ಇದೆ. ಅಲ್ಲಿ ಓಡೋದು 'ಸ್ಟಾಕ್ ಕಾರ್'. ಸ್ಟಾಕ್ ಅಂದ್ರೆ ಷೇರು ಅಲ್ಲ ಸ್ವಾಮಿ, ಶೋರೂಮಿನ ಸ್ಟಾಕಿನಲ್ಲಿರೋ ಮಾಮೂಲಿ ಕಾರು. 1948ರಲ್ಲಿ ಹುಟ್ಟಿದ ಈ ಸಂಸ್ಥೆಯ ಆರಂಭದ ವರ್ಷಗಳಲ್ಲಿ ಜನ ತಾವು ಓಡಿಸುವಂಥ ಕಾರನ್ನೇ ಟ್ರ್ಯಾಕಿನಲ್ಲೂ ನೋಡುತ್ತಿದ್ದರು. ಈಗ ಆ ಕಾರಿನ ಹೆಡ್‌ಲೈಟ್ ಕೂಡ ಬರೀ ಸ್ಟಿಕ್ಕರ್! ಎಂಜಿನಿಯರಿಂಗ್ ಓದಿದ ನನಗೆ ಇದು ಸ್ವಲ್ಪ ಮೋಸ ಅನ್ನಿಸುತ್ತೆ.

ನೋಡುಗರೂ ದೂರವಾಗಿದ್ದಾರೆ. ಅಲ್ಲಿನ ದೊಡ್ಡ ರೇಸು ಡೇಟೋನಾ 500. 2006ರಲ್ಲಿ ಅದನ್ನು ಟಿವಿಯಲ್ಲಿ ನೋಡಿದವರು ಸುಮಾರು 1 ಕೋಟಿ 94 ಲಕ್ಷ. 2025ರಲ್ಲಿ ಸುಮಾರು 68 ಲಕ್ಷ. ಮೂರರಲ್ಲಿ ಒಂದು ಪಾಲು ಉಳೀತು. ಆದರೂ ಅದೇ 2025ರಿಂದ ಏಳು ವರ್ಷಕ್ಕೆ ಟಿವಿ ಹಕ್ಕು ಮಾರಾಟವಾದದ್ದು 770 ಕೋಟಿ ಡಾಲರ್‌ಗೆ. ಯಾಕೆ? ಧಾರಾವಾಹಿಯನ್ನು ನಾಳೆ ಫೋನಿನಲ್ಲಿ ನೋಡಬಹುದು, ರೇಸನ್ನು ಈಗಲೇ ನೋಡಬೇಕು. ಲೈವ್ ಇದ್ದ ಕಡೆ ಜಾಹೀರಾತು ಇರುತ್ತೆ, ಇದು ನಮ್ಮ ಧಂದೆಯ ಗುಟ್ಟು. ಆ ದುಡ್ಡಿನಲ್ಲಿ ಪಾಲು ಸಾಲದು ಅಂತ ಬ್ಯಾಸ್ಕೆಟ್‌ಬಾಲ್ ದಿಗ್ಗಜ ಮೈಕಲ್ ಜೋರ್ಡನ್ ಅವರ ತಂಡ 2024ರಲ್ಲಿ ನಾಸ್ಕಾರ್ ಮೇಲೆಯೇ ಕೇಸು ಹಾಕಿತು. ಮರುವರ್ಷ ರಾಜಿಯಾಯಿತು.

ಅಮೆರಿಕದ ಲೆಕ್ಕ ಮಲ್ಲಿಪಟ್ಟಣದಲ್ಲಿ ಕೂತ ನಮಗೆ ಯಾಕೆ ಅಂತೀರಾ? ಬೆಂಗಳೂರಿನ ಲೆಕ್ಕಕ್ಕೇ ಬರೋಣ.

ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ 2008ರಲ್ಲಿ ಫಾರ್ಮುಲಾ ಒನ್‌ಗೆ ಇಳಿಯಿತು. ಮರುವರ್ಷವೇ ಬೆಲ್ಜಿಯಂನಲ್ಲಿ ಪೋಲ್ ಪೊಸಿಷನ್, ರೇಸಿನಲ್ಲಿ ಎರಡನೇ ಸ್ಥಾನ. 2011ರಲ್ಲಿ ಸಹಾರಾ 10 ಕೋಟಿ ಡಾಲರ್ ಹಾಕಿ ಪಾಲುದಾರನಾಯಿತು. ಆಮೇಲೆ? 2012ರಲ್ಲಿ ಕಿಂಗ್‌ಫಿಶರ್ ವಿಮಾನಗಳು ನಿಂತವು. ಸಹಾರಾ ಕೋರ್ಟು ಮೆಟ್ಟಿಲು ಹತ್ತಿತು. 2016ರಲ್ಲಿ ಮಲ್ಯ ಲಂಡನ್ ಸೇರಿದರು. ವಿಚಿತ್ರ ನೋಡಿ, 2016 ಮತ್ತು 2017, ಎರಡೂ ವರ್ಷ ಆ ತಂಡ ಜಗತ್ತಿನಲ್ಲಿ ನಾಲ್ಕನೇ ಸ್ಥಾನ ಪಡೆಯಿತು! ಹುಡುಗರು ಕೆಲಸ ಸರಿಯಾಗೇ ಮಾಡಿದ್ದರು. 2018ರ ಜುಲೈನಲ್ಲಿ ತಂಡ ದಿವಾಳಿ ಪ್ರಕ್ರಿಯೆಗೆ ಹೋಯಿತು. ಹಾಗೆ ಮಾಡಿಸಿದವರು ಯಾರು ಗೊತ್ತಾ? ತಂಡದ ಸ್ವಂತ ಚಾಲಕ ಸರ್ಜಿಯೋ ಪೆರೆಜ್. ತನಗೆ ಬರಬೇಕಾದ ಬಾಕಿಯ ಮೇಲೆ ಅರ್ಜಿ ಹಾಕಿ, ಸುಮಾರು 400 ಜನರ ಕೆಲಸ ಉಳಿಸೋಕೆ ಇದೊಂದೇ ದಾರಿ ಅಂದರು. ಕೆನಡಾದ ಕೋಟ್ಯಧಿಪತಿಯೊಬ್ಬರ ಗುಂಪು ಕೊಂಡುಕೊಂಡಿತು, ಕೆಲಸ ಉಳಿಯಿತು. ಹೆಸರಿನಲ್ಲಿದ್ದ 'ಇಂಡಿಯಾ' ಹೋಯಿತು.

ಇನ್ನೂ ಹತ್ತಿರ ಬರೋಣ, ಪಕ್ಕದ ಚಿಕ್ಕಮಗಳೂರಿಗೆ. 2016, 2017ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಡೆದದ್ದು ಅಲ್ಲಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ. ಆ ಎರಡೂ ವರ್ಷ ಚಾಂಪಿಯನ್ ಆದದ್ದು ನಮ್ಮ ದೇಶದ ಗೌರವ್ ಗಿಲ್. ರ‍್ಯಾಲಿಗಿದ್ದ ಹೆಸರು ಕಾಫಿ ಡೇ. 2019ರ ಜುಲೈನಲ್ಲಿ ಆ ಕಂಪನಿಗೆ ಏನಾಯಿತು ಅನ್ನೋದನ್ನು ಹಾಸನ ಜಿಲ್ಲೆಯವರಿಗೆ ನಾನು ಹೇಳಬೇಕಿಲ್ಲ.

ನಾಸ್ಕಾರ್ ಸೊರಗಿದರೂ ಅದಕ್ಕೆ ಟಿವಿ ದುಡ್ಡು ಇದೆ. ನಮ್ಮ ರ‍್ಯಾಲಿಗೆ ಅದೂ ಇಲ್ಲ. ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮೋಟಾರ್ ಸ್ಪೋರ್ಟ್ಸ್‌ಗೆ ಬಂದ ಮೊದಲ ಅರ್ಜುನ. ಎಷ್ಟು ಜನರಿಗೆ ನೆನಪಿದೆ? ಮುಂದಿನ ತಿಂಗಳೇ ರಾಜಸ್ಥಾನದ ರ‍್ಯಾಲಿಯಲ್ಲಿ ಅವರ ಕಾರು ಬೈಕಿಗೆ ಬಡಿದು ಒಂದೇ ಕುಟುಂಬದ ಮೂವರು ಸತ್ತರು. ಅದು ಮಾತ್ರ ಸುದ್ದಿಯಾಯಿತು. ಆಗಬೇಕಾದದ್ದೇ, ಮೂರು ಜೀವ. ಆದರೆ ವರ್ಷಕ್ಕೊಮ್ಮೆ ಸಾವಿನ ಸುದ್ದಿಯಲ್ಲಿ ಮಾತ್ರ ಕಾಣೋ ಆಟಕ್ಕೆ ಯಾವ ಕಂಪನಿ ದುಡ್ಡು ಹಾಕುತ್ತೆ ಹೇಳಿ?

ಒಬ್ಬನೇ ಶ್ರೀಮಂತನನ್ನು ನಂಬೋ ಬದಲು ಟೈರ್ ಅಂಗಡಿ, ಹೋಮ್‌ಸ್ಟೇ, ಊರಿನ ಬ್ಯಾಂಕು ಅಂತ ಹತ್ತು ಸಣ್ಣ ಪ್ರಾಯೋಜಕರು ಮೂರು ವರ್ಷಕ್ಕೆ ಬರೆದುಕೊಡಲಿ. ಜನ ನಿಲ್ಲೋ ಜಾಗಕ್ಕೆ ಗಟ್ಟಿ ಬೇಲಿ ಕಟ್ಟಿ, ಟಿಕೆಟ್ ಇಡಲಿ. ಆಮೇಲೆ ಒಂದು ಕ್ಯಾಮೆರಾ, ಒಂದು ಫೋನ್, ಕನ್ನಡದಲ್ಲಿ ಲೈವ್ ಕಾಮೆಂಟರಿ. ಕಾಮೆಂಟರಿಗೆ ಜನ ಸಿಗದಿದ್ದರೆ ಹೇಳಿ, ಒಂದು ಭಾನುವಾರ ನಾನೇ ಬರ್ತೀನಿ, ಪುಕ್ಕಟೆ.